ಸಿಗರೇಟು ಬಿಟ್ಟು ವರ್ಷವಾಯಿತು, ಕೈ ಹಿಡಿದದ್ದು ಬೈಟೂ ಕಾಫಿ

ಸಿಗರೇಟು ಬಿಡುವವರು ಮೊದಲು ಕಾಫಿ ಇಳಿಸಬೇಕು. ಹೀಗಂದಾಗ ಆಫೀಸಿನಲ್ಲಿ ಒಬ್ಬರೂ ನಂಬಲಿಲ್ಲ. "ಸಂಕ್ರಾಂತಿವರೆಗೂ ತಡೆಯಲ್ಲ ಬಿಡಪ್ಪ" ಅಂದರು. ಈ ದೀಪಾವಳಿಗೆ ವರ್ಷ ತುಂಬಿತು. ಒಂದು ದಮ್ಮೂ ಎಳೆದಿಲ್ಲ.

ಹಿಂದೆ ಬಿಟ್ಟಾಗೆಲ್ಲ ಹೆಚ್ಚೆಂದರೆ ಎರಡು ವಾರ. ಕೈ ನಡುಕ, ಎದೆ ಡವಡವ, ರಾತ್ರಿಯೆಲ್ಲ ಸೂರು ನೋಡುತ್ತಾ ಮಲಗೋದು. ಬಿಡಿ ಸಿಗರೇಟು ಮಾರಬಾರದು ಅಂತ ರಾಜ್ಯದಲ್ಲಿ 2017ರಲ್ಲೇ ಆದೇಶವಾಗಿದೆ. ಆದರೂ ಬೀದಿ ಕೊನೆಯಲ್ಲಿ ಒಂದೊಂದೇ ಸಿಗುತ್ತಿತ್ತು, ಆಗ ಇಪ್ಪತ್ತು ರೂಪಾಯಿಗೆ. ಹಟ ಮುರಿಯೋಕೆ ಅಷ್ಟು ಸಾಕು. ನಿಕೋಟಿನ್ ಗಮ್‌ಗೂ ನಾಲ್ಕೈದು ಸಾವಿರ ಸುರಿದೆ. ಬಂದದ್ದು ಬಿಕ್ಕಳಿಕೆ, ಎದೆಯುರಿ.

ಕೊನೆಗೆ ಡಾಕ್ಟರು ಕೇಳಿದ್ದು ಒಂದೇ: "ದಿನಕ್ಕೆ ಎಷ್ಟು ಕಾಫಿ?" ಸಿಗರೇಟಿನ ಹೊಗೆ ಕೆಫೀನನ್ನು ಬೇಗ ಕರಗಿಸುತ್ತಂತೆ. ಹೊಗೆ ನಿಂತ ಮೇಲೆ ಅದೇ ಕಾಫಿ ಮೈಯಲ್ಲಿ ಹೆಚ್ಚುಕಡಿಮೆ ಎರಡರಷ್ಟು ಉಳಿಯುತ್ತೆ. ನನ್ನ ನಡುಕದಲ್ಲಿ ಅರ್ಧ ಕಾಫಿಯದ್ದೇ! ಐದು ಲೋಟ ಇದ್ದದ್ದನ್ನು ಮೂರು ಬೈಟೂಗೆ ತಂದೆ, ಸಂಜೆ ನಾಲ್ಕರ ಮೇಲೆ ಬಂದ್. ವಾರದೊಳಗೆ ನಿದ್ದೆ ಬಂತು.

ಗಮ್ ಕೆಲಸ ಮಾಡದಿದ್ದಕ್ಕೂ ಕಾಫಿಯೇ ಕಾರಣ. ಬಾಯಲ್ಲಿ ಹುಳಿ ಇದ್ದರೆ ನಿಕೋಟಿನ್ ಹೀರಲ್ಲ. ಕಾಫಿ ಕುಡಿದು ಕಾಲು ಗಂಟೆ ಬಿಟ್ಟು, ಬಾಯಿ ಮುಕ್ಕಳಿಸಿ ಗಮ್ ಹಾಕೋದು. ಚುರುಗುಟ್ಟುವವರೆಗೆ ಅಗಿದು ಕೆನ್ನೆ ಸಂದಿಗೆ ತಳ್ಳೋದು. ಚುರುಕು ಇಳಿದಾಗ ಮತ್ತೆ ನಾಲ್ಕು ಅಗಿತ. ಎರಡು ಮಿಲಿಗ್ರಾಂನದ್ದೇ ಸಾಕಾಯಿತು, ಮೂರು ತಿಂಗಳಿಗೆ ಅದನ್ನೂ ನಿಲ್ಲಿಸಿದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಲವಂಗ ನಾಲಿಗೆ ಸುಟ್ಟಿತು. ಸೋಂಪು ಸಪ್ಪೆ. ನೆಲ್ಲಿಕಾಯಿ ಅಡಿಕೆ ಅದ್ಭುತ, ಆದರೆ ಹುಳಿ, ಗಮ್ ಜೊತೆ ಆಗಲ್ಲ. ಉಪ್ಪು, ಓಂಕಾಳು ಹಾಕಿ ಮನೆಯಲ್ಲೇ ಒಣಗಿಸುತ್ತೇನೆ. ಇನ್ನೊಂದು ಸಾಮಾನೂ ಬೀಳುತ್ತೆ, ಅದನ್ನು ಸದ್ಯಕ್ಕೆ ಯಾರಿಗೂ ಹೇಳಿಲ್ಲ. ಜೊತೆಗೆ ಮಾತಾಡೋಕೆ ಯಾರಾದರೂ ಬೇಕು ಅನ್ನಿಸಿದರೆ 1800-11-2356ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ದಿನಾ ಟೀ ಟೈಮಿಗೆ ನೂರೆಂಬತ್ತು ರೂಪಾಯಿ ಬೇರೆ ಖಾತೆಗೆ ಹಾಕುತ್ತಿದ್ದೆ. ಗಮ್ ಖರ್ಚು ಕಳೆದು ಅರವತ್ತು ಸಾವಿರದ ಹತ್ತಿರ ನಿಂತಿತು. ಹೆಂಡತಿಗೆ ಓಲೆ ತಂದೆ. ಅದೇ ಆಫೀಸಿನವರನ್ನು ಕರೆದು ಹೋಳಿಗೆ ಊಟ ಹಾಕಿದೆ, ತುಪ್ಪ ಧಾರಾಳವಾಗಿ. ಎರಡನೇ ವರ್ಷದ ದುಡ್ಡು ಅಪ್ಪ, ಅಮ್ಮನ ಕಾಶಿ ಯಾತ್ರೆಗೆ.