ಕೋಳಿ ಫೀಡಿಗೆ ಪ್ರೋಬಯಾಟಿಕ್: ಹಾಕುವುದು ಸುಲಭ, ಬದುಕಿಸುವುದು ಕಷ್ಟ

ಪ್ರೋಬಯಾಟಿಕ್ ಪ್ಯಾಕೆಟ್‌ನಲ್ಲಿ ಇರುವುದು ಜೀವ ಇರುವ ಬ್ಯಾಕ್ಟೀರಿಯಾ. ಕೋಳಿಯ ಕರುಳು ಸೇರುವವರೆಗೂ ಅದು ಬದುಕಿರಬೇಕು. ನಾನು ಬ್ರಾಯ್ಲರ್ ಸಾಕುತ್ತೇನೆ, ಫೀಡನ್ನೂ ನಾನೇ ಮಿಕ್ಸ್ ಮಾಡುತ್ತೇನೆ. ಯಾರಾದರೂ ‘ಹಾಕಿ ನೋಡಿದೆ, ಏನೂ ಆಗಲಿಲ್ಲ’ ಅಂದರೆ ನಾನು ಮೊದಲು ಕೇಳುವುದು, ಯಾವುದರಲ್ಲಿ ಹಾಕಿದಿರಿ ಅಂತ. ಎಷ್ಟೋ ಸಲ ಅದು ಫೀಡನ್ನು ಗುಳಿಗೆ ಮಾಡುವ ಪೆಲೆಟ್ ಮಿಷನ್ನಿನ ಬಿಸಿಯಲ್ಲೋ ಕ್ಲೋರಿನ್ ನೀರಿನಲ್ಲೋ ಸತ್ತೇ ಹೋಗಿರುತ್ತದೆ.

ಹಾಗಾಗಿ ಪ್ಯಾಕೆಟ್ ಮೇಲಿನ ಬಣ್ಣದ ಕೋಳಿ ಚಿತ್ರ ಬಿಡಿ, ಹಿಂದೆ ಬರೆದಿರುವ ಹೆಸರು ಓದಿ. ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಅಂತಿದ್ದರೆ ಅವು ಬೀಜದ ಹಾಗೆ ಗಟ್ಟಿ ಚಿಪ್ಪು ಕಟ್ಟಿಕೊಂಡು ಮಲಗಿರುತ್ತವೆ. ಈ ಸ್ಪೋರ್‌ಗಳು 80–85 ಡಿಗ್ರಿ ಬಿಸಿಯ ಪೆಲೆಟ್ ಮಿಷನ್ ದಾಟಿ ಬರುತ್ತವೆ. ಲ್ಯಾಕ್ಟೋಬ್ಯಾಸಿಲಸ್‌ಗೆ ಆ ತಾಕತ್ತಿಲ್ಲ. ಅದನ್ನು ಮ್ಯಾಶ್ ಫೀಡಿಗೆ (ಗುಳಿಗೆ ಮಾಡದ ಪುಡಿ ಫೀಡು) ಅಥವಾ ಕುಡಿಯುವ ನೀರಿಗೆ ಹಾಕಬೇಕು. ಹೆಸರೇ ಬರೆಯದೆ ಸುಮ್ನೆ ‘ಒಳ್ಳೆಯ ಬ್ಯಾಕ್ಟೀರಿಯಾ’ ಅಂತ ಬರೆದಿದ್ದರೆ ನಾನು ಮುಟ್ಟುವುದಿಲ್ಲ.

ಆಮೇಲೆ ಸಿಎಫ್‌ಯು ಲೆಕ್ಕ. ಅಂದರೆ ಒಂದು ಗ್ರಾಂ ಪುಡಿಯಲ್ಲಿ ಬೆಳೆಯಬಲ್ಲ ಬ್ಯಾಕ್ಟೀರಿಯಾ ಎಷ್ಟು ಅಂತ. ಗ್ರಾಂಗೆ 200 ಕೋಟಿ ಇರುವ ಪುಡಿಯನ್ನು ಒಂದು ಟನ್ ಫೀಡಿಗೆ 500 ಗ್ರಾಂ ಹಾಕಿದರೆ, ಫೀಡಿನ ಪ್ರತಿ ಗ್ರಾಂಗೆ 10 ಲಕ್ಷ ಸಿಗುತ್ತದೆ. ಬ್ಯಾಸಿಲಸ್‌ಗೆ ಸಾಮಾನ್ಯವಾಗಿ ಒಂದು ಲಕ್ಷದಿಂದ ಹತ್ತು ಲಕ್ಷದವರೆಗೆ ನೋಡುತ್ತಾರೆ. ನಿಮ್ಮ ಪ್ಯಾಕೆಟ್ಟಿನ ಅಂಕಿ ಬೇರೆ ಇದ್ದರೆ ಅದರ ಲೇಬಲ್ ಪ್ರಕಾರವೇ ಹೋಗಿ. ಜಾಸ್ತಿ ಹಾಕಿದರೆ ಜಾಸ್ತಿ ತೂಕ ಬರುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯೋದಿಲ್ಲ.

ಮಿಕ್ಸ್ ಮಾಡುವಾಗ ಅರ್ಧ ಕಿಲೋ ಪುಡಿಯನ್ನು ನೇರವಾಗಿ ಟನ್ ಫೀಡಿನ ಮೇಲೆ ಸುರಿಯಬೇಡಿ. ಮೊದಲು ಐದು ಕಿಲೋ ನುಣ್ಣನೆಯ ಮೆಕ್ಕೆಜೋಳದ ಪುಡಿಗೆ ಕಲಸಿ. ಬಣ್ಣ ಎಲ್ಲ ಕಡೆ ಒಂದೇ ತರಹ ಕಾಣುವವರೆಗೂ ಮೇಲೆ ಕೆಳಗೆ ಮಾಡಿ. ಅದನ್ನು ಇನ್ನು 20–25 ಕಿಲೋ ಫೀಡಿಗೆ ಸೇರಿಸಿ, ಆಮೇಲೆ ಮಿಕ್ಸರ್‌ಗೆ ಹಾಕಿ. ಒಣ ಪದಾರ್ಥಗಳೆಲ್ಲ ಚೆನ್ನಾಗಿ ಕಲೆತ ಮೇಲೆಯೇ ಎಣ್ಣೆ ಬಿಡಿ. ಮೊದಲೇ ಬಿಟ್ಟರೆ ಪುಡಿ ಅಲ್ಲಲ್ಲೇ ಗಂಟು ಕಟ್ಟುತ್ತದೆ. ಮಾಸ್ಕ್ ಹಾಕಿಕೊಳ್ಳಿ, ಧೂಳು ಸಿಕ್ಕಾಪಟ್ಟೆ. ಉಳಿದ ಪ್ಯಾಕೆಟ್ಟಿನ ಬಾಯಿ ಬಿಗಿಯಾಗಿ ಕಟ್ಟಿ, ಬಿಸಿಲು ತೇವ ಎರಡೂ ತಾಗದ ಕಡೆ ಇಡಿ. ಬ್ಯಾಸಿಲಸ್ ಕರುಳಲ್ಲಿ ಖಾಯಂ ಆಗಿ ನೆಲೆಸುವುದಿಲ್ಲ, ಬಂದು ಕೆಲಸ ಮಾಡಿ ಹೋಗುತ್ತಿರುತ್ತದೆ. ಅದಕ್ಕೇ ಬ್ಯಾಚ್ ಮುಗಿಯುವವರೆಗೂ ದಿನಾ ಫೀಡಿನಲ್ಲಿ ಇರಬೇಕು.

ಎಲ್ಲಕ್ಕಿಂತ ಮುಖ್ಯ ಮೊದಲ ಮೂರು ದಿನ. ಹ್ಯಾಚರಿಯ ಮರಿ ತಾಯಿಯ ಹಿಕ್ಕೆಯನ್ನೇ ಕಂಡಿರುವುದಿಲ್ಲ, ಅದರ ಕರುಳು ಬಹುಪಾಲು ಖಾಲಿ. ಯಾವ ಬ್ಯಾಕ್ಟೀರಿಯಾ ಮೊದಲು ಬರುತ್ತದೋ ಅದೇ ಜಾಗ ಹಿಡಿಯುತ್ತದೆ. 1973ರಲ್ಲಿ ಫಿನ್‌ಲ್ಯಾಂಡಿನ ವಿಜ್ಞಾನಿಗಳಾದ ನೂರ್ಮಿ ಮತ್ತು ರಂತಲ ಇದನ್ನೇ ತೋರಿಸಿದ್ದು: ದೊಡ್ಡ ಕೋಳಿಯ ಕರುಳಿನ ಬ್ಯಾಕ್ಟೀರಿಯಾವನ್ನು ಮರಿಗಳಿಗೆ ಕೊಟ್ಟರೆ ಸಾಲ್ಮೊನೆಲ್ಲಾ ಅನ್ನುವ ರೋಗದ ಬ್ಯಾಕ್ಟೀರಿಯಾ ಅಷ್ಟು ಸುಲಭವಾಗಿ ಹತ್ತುವುದಿಲ್ಲ.

ಅದಕ್ಕೇ ಮರಿ ಇಳಿಸಿದ ದಿನದಿಂದಲೇ ನೀರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕೊಡುತ್ತೇನೆ. ಆ ನೀರಿಗೆ ಕ್ಲೋರಿನ್, ಪೆರಾಕ್ಸೈಡ್ ಯಾವುದೂ ಬೇಡ. ಕ್ಲೋರಿನ್ ಇರುವ ನೀರೇ ಗತಿ ಅಂದರೆ, ಲಸಿಕೆಗೆ ಮಾಡುವ ಹಾಗೆ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಕೊಬ್ಬು ತೆಗೆದ ಹಾಲಿನ ಪುಡಿ ಕದಡಿ. ಸ್ವಲ್ಪ ಹೊತ್ತು ಬಿಟ್ಟು ಪ್ರೋಬಯಾಟಿಕ್ ಹಾಕಿ. ಕೆಲವೇ ಗಂಟೆಗಳಲ್ಲಿ ಕುಡಿದು ಮುಗಿಯುವಷ್ಟು ಮಾತ್ರ ಕಲಸಿ. ಉಳಿದದ್ದನ್ನು ಚೆಲ್ಲಿ ಪೈಪ್ ತೊಳೆಯಿರಿ. ಹಾಲಿನ ಪುಡಿ ಕೋಳಿ ನೀರು ಕುಡಿಯುವ ನಿಪ್ಪಲ್ ಒಳಗೆ ಕೂತರೆ ಲೋಳೆ ಕಟ್ಟುತ್ತದೆ, ಅದನ್ನು ತೆಗೆಯುವ ಕೆಲಸ ಯಾರಿಗೂ ಬೇಡ.

ಇನ್ನು ಆ್ಯಂಟಿಬಯಾಟಿಕ್ ವಿಷಯ. ಬೆಳವಣಿಗೆಗೆ ಅಂತ ದಿನಾ ಫೀಡಿಗೆ ಸ್ವಲ್ಪ ಸ್ವಲ್ಪ ಬೆರೆಸುವುದನ್ನು ಸ್ವೀಡನ್ 1986ರಲ್ಲೇ ನಿಲ್ಲಿಸಿತು, ಯುರೋಪಿಯನ್ ಒಕ್ಕೂಟ 2006ರ ಜನವರಿಯಲ್ಲಿ. ಆ ಸಣ್ಣ ಡೋಸು ಸೋಂಕು ವಾಸಿ ಮಾಡುವುದಿಲ್ಲ, ಬ್ಯಾಕ್ಟೀರಿಯಾಗಳಿಗೆ ಔಷಧಿಯನ್ನು ಅಭ್ಯಾಸ ಮಾಡಿಸುತ್ತದೆ ಅಷ್ಟೇ. ಪ್ರೋಬಯಾಟಿಕ್ ಬದಲಿ ಆಗುವುದು ಈ ದಿನನಿತ್ಯದ ಡೋಸಿಗೆ. ಕೋಳಿಗೆ ನಿಜವಾಗಿ ಕಾಯಿಲೆ ಬಂದಾಗ ಅದನ್ನು ನಂಬಿ ಕೂರಬೇಡಿ, ಪಶುವೈದ್ಯರನ್ನು ಕರೆಯಿರಿ. ಅವರು ಆ್ಯಂಟಿಬಯಾಟಿಕ್ ಬರೆದರೆ ಕೋರ್ಸ್ ಪೂರ್ತಿ ಮಾಡಿ. ಅದೇ ನೀರಿಗೆ ಪ್ರೋಬಯಾಟಿಕ್ ಸುರಿದರೆ ದುಡ್ಡು ದಂಡ. ಕೋರ್ಸ್ ಮುಗಿದ ಮೇಲೆ ಐದಾರು ದಿನ ಪ್ರೋಬಯಾಟಿಕ್ ಕೊಡಿ, ಖಾಲಿಯಾದ ಕರುಳು ಮತ್ತೆ ತುಂಬಲಿ.

ಕಾಕ್ಸಿಡಿಯೋಸಿಸ್ ಔಷಧಿಯನ್ನು ಮಾತ್ರ ಇದೇ ಭರದಲ್ಲಿ ತೆಗೆದುಬಿಡಬೇಡಿ. ಕಾಕ್ಸಿಡಿಯೋಸಿಸ್ ಅನ್ನುವ ಈ ಕರುಳಿನ ಕಾಯಿಲೆ ಐಮೀರಿಯಾ ಅನ್ನುವ ಪರಾವಲಂಬಿ ಜೀವಿಯ ಕೆಲಸ. ಅದು ಕರುಳಿನ ಗೋಡೆ ಕೆಡಿಸಿದ ಕಡೆ ಕ್ಲಾಸ್ಟ್ರಿಡಿಯಂ ಅನ್ನುವ ಬ್ಯಾಕ್ಟೀರಿಯಾ ಸೇರಿಕೊಂಡು ಕರುಳು ಕೊಳೆಯುತ್ತದೆ. ಎಷ್ಟು ಒಳ್ಳೆಯ ಪ್ರೋಬಯಾಟಿಕ್ ಇದ್ದರೂ ಆಗ ಕೈ ಚೆಲ್ಲುತ್ತದೆ.

ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಲಿಟ್ಟರ್, ಅಂದರೆ ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು, ನೋಡಿದರೆ ಒಂದು ಅಂದಾಜು ಸಿಗುತ್ತದೆ. ಒಂದು ಹಿಡಿ ತೆಗೆದು ಹಿಸುಕಿ. ಕೈ ಬಿಟ್ಟಾಗ ಉದುರಬೇಕು. ಉಂಡೆಯಾಗಿಯೇ ಉಳಿದರೆ ಹಿಕ್ಕೆ ನೀರಾಗುತ್ತಿದೆ, ಇಲ್ಲವೇ ನಿಪ್ಪಲ್ ಸೋರುತ್ತಿದೆ. ಹಿಕ್ಕೆಯಲ್ಲಿ ಜೀರ್ಣವಾಗದ ಜೋಳದ ಚೂರು, ಕಿತ್ತಳೆ ಬಣ್ಣದ ಲೋಳೆ ಇದೆಯಾ ನೋಡಿ. ಜೊತೆಗೆ ತೂಕ, ತಿಂದ ಫೀಡು, ಸತ್ತ ಸಂಖ್ಯೆ ಬರೆದಿಡಿ. ಹಾಕಿದ್ದಕ್ಕೂ ಹಾಕದ್ದಕ್ಕೂ ಹೋಲಿಸಬೇಕಾದರೆ ಎರಡು ಬೇರೆ ಶೆಡ್ ಇಟ್ಟುಕೊಳ್ಳಿ. ಒಂದೇ ಶೆಡ್ಡಿಗೆ ನಡುವೆ ಜಾಲರಿ ಕಟ್ಟಿದರೆ ಚಪ್ಪಲಿಯಲ್ಲೇ ಬ್ಯಾಕ್ಟೀರಿಯಾ ಆ ಕಡೆಗೂ ಹೋಗಿರುತ್ತದೆ. ಒಂದೇ ಬ್ಯಾಚ್ ನೋಡಿ ತೀರ್ಮಾನ ಮಾಡಬೇಡಿ. ಮೂರ್ನಾಲ್ಕು ಬ್ಯಾಚ್ ಆದರೂ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂದರೆ ಆ ಬ್ರ್ಯಾಂಡ್ ಬಿಟ್ಟು ಬೇರೆಯದು ನೋಡಿ.