ಮೂವತ್ತರ ಹುಡುಗರಲ್ಲಿ ಯೂರಿಕ್ ಆಸಿಡ್ 8: ನನ್ನ ಕ್ಲಿನಿಕ್ಕಿನ ಅನುಭವ

ಬಸವೇಶ್ವರನಗರದ ನನ್ನ ಕ್ಲಿನಿಕ್ಕಿನಲ್ಲಿ ಮೂವತ್ತರ ಆಸುಪಾಸಿನವರಿಗೆಲ್ಲ ಯೂರಿಕ್ ಆಸಿಡ್ (ಆಹಾರದಲ್ಲೂ ದೇಹದಲ್ಲೂ ಇರುವ ಪ್ಯೂರಿನ್ ಒಡೆದಾಗ ರಕ್ತದಲ್ಲಿ ಉಳಿಯುವ ಕಸ; ಹೆಚ್ಚಾದರೆ ಗೌಟ್ ಎಂಬ ಕೀಲುನೋವು, ಕಿಡ್ನಿಯಲ್ಲಿ ಕಲ್ಲು) ಪರೀಕ್ಷೆ ಬರೆಯಲು ಶುರು ಮಾಡಿದಾಗ ಸರಿ ಅಂದವರು ಒಬ್ಬರೂ ಇರಲಿಲ್ಲ. ಹೃದ್ರೋಗ ತಜ್ಞರಾದ ನನ್ನ ಸ್ನೇಹಿತರೊಬ್ಬರು, "ಕೀಲುನೋವಿಲ್ಲ, ಕಿಡ್ನಿಯಲ್ಲಿ ಕಲ್ಲಿಲ್ಲ, ಯಾಕ್ರೀ ನೋಡ್ತೀರಿ? ನೋಡಿದ ಮೇಲೆ ಮಾತ್ರೆ ಬರೀಬೇಕು ಅನ್ನಿಸುತ್ತೆ" ಅಂದರು. ಲ್ಯಾಬಿನಿಂದ ಏನೋ ಬರುತ್ತಿರಬೇಕು ಎಂದವರೂ ಇದ್ದರು. ಈಗ ಅದೇ ಸ್ನೇಹಿತರು ತಮ್ಮ ತಂಗಿಯ ಮಗನನ್ನು ನನ್ನ ಹತ್ತಿರವೇ ಕಳಿಸುತ್ತಿದ್ದಾರೆ. ಅದಕ್ಕೇ ಬರೆಯುವ ಧೈರ್ಯ ಬಂತು.

ಅದು ದೇಹದಲ್ಲಿ ತಯಾರಾಗುವ ಕಥೆಯೆಲ್ಲ ಬಿಡಿ. ವಾದ ಇರುವುದು ಅದು ಹೃದಯಕ್ಕೂ ಕೆಡುಕು ಮಾಡುತ್ತದಾ ಅನ್ನುವುದರಲ್ಲಿ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನದವರು 1999ರಲ್ಲಿ, ಬೀಪಿ ಮತ್ತಿತರ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಯೂರಿಕ್ ಆಸಿಡ್ಡಿಗೆ ಸ್ವಂತ ಪಾತ್ರ ಉಳಿಯುವುದಿಲ್ಲ ಎಂದರು. 2008ರಲ್ಲಿ ಬೀಪಿ ಇದ್ದ ಹದಿಹರೆಯದವರಿಗೆ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಮಾತ್ರೆ ಕೊಟ್ಟಾಗ ಬೀಪಿ ಇಳಿಯಿತು, ಆದರೆ ಅದು ಮೂವತ್ತೇ ಮಕ್ಕಳ ಸಣ್ಣ ಅಧ್ಯಯನ. 2022ರ ಆಲ್-ಹಾರ್ಟ್ ಪ್ರಯೋಗದಲ್ಲಿ, ಅರವತ್ತು ದಾಟಿದ ಹೃದ್ರೋಗಿಗಳಿಗೆ ಅದೇ ಮಾತ್ರೆಯಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಕೀಲುನೋವಿಲ್ಲದವನಿಗೆ ಹೃದಯ ಕಾಪಾಡುತ್ತೇನೆಂದು ಮಾತ್ರೆ ಬರೆಯಲು ಆಧಾರವಿಲ್ಲ. ಇದನ್ನು ಒಪ್ಪಿಕೊಂಡೇ ನಾನು ಕೆಲಸ ಶುರು ಮಾಡಿದ್ದು.

ನನ್ನ ತೊಂದರೆ ಬೇರೆ ಇತ್ತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಈ ಊರಿನಲ್ಲಿ ಹುಡುಗರೆಲ್ಲ ಇಸಿಜಿಗೆ ಓಡಿ ಬಂದದ್ದು ನೆನಪಿದೆಯಲ್ಲ. ಬಂದರು, ಇಸಿಜಿ ನಾರ್ಮಲ್ ಬಂತು, ಖುಷಿಯಾಗಿ ಹೋದರು, ಮತ್ತೆ ತಲೆ ಹಾಕಲಿಲ್ಲ. ಇವತ್ತಿನ ಇಸಿಜಿ ಮುಂದಿನ ಹತ್ತು ವರ್ಷದ ಮಾತನ್ನು ಹೇಳುವುದಿಲ್ಲ. ಹೃದಯದ ಅಪಾಯ ಲೆಕ್ಕ ಹಾಕುವ ಅಮೆರಿಕದ ಹಳೆಯ ಕೋಷ್ಟಕ ನಲವತ್ತರ ನಂತರದವರಿಗೆ ಮಾತ್ರ. ಮೂವತ್ತೆರಡರವನಿಗೆ ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ನಮ್ಮವರಿಗೆ ಹೃದಯಾಘಾತ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ನಲವತ್ತಾಗಲಿ ಎಂದು ಕಾಯುತ್ತಾ ಕೂರಲು ನನಗೆ ಮನಸ್ಸಾಗಲಿಲ್ಲ.

ಯೂರಿಕ್ ಆಸಿಡ್ ನನ್ನ ಕೈಹಿಡಿದದ್ದು ಒಂದೇ ಗುಣದಿಂದ. ಅದು ಎರಡು ಮೂರು ವಾರದಲ್ಲೇ ಇಳಿದು ತೋರಿಸುತ್ತದೆ. ಸೊಂಟ ಇಳಿಯಲು ತಿಂಗಳುಗಳು ಬೇಕು, ಅಷ್ಟರೊಳಗೆ ಹುಡುಗ ಕೈಚೆಲ್ಲಿರುತ್ತಾನೆ. 8.6 ಇದ್ದದ್ದು 7.5 ಆಯಿತೆಂದರೆ ಅವನೇ ಫೋನ್ ಮಾಡಿ, "ಸಾರ್, ಮುಂದೇನು ಮಾಡ್ಲಿ?" ಅಂತಾನೆ. ಆಗ ಬೀಪಿ, ಟ್ರೈಗ್ಲಿಸರೈಡ್ (ರಕ್ತದ ಕೊಬ್ಬು), ಗೊರಕೆ, ಸಿಗರೇಟಿನ ಮಾತು ಎತ್ತಬಹುದು.

ಇಲ್ಲಿಗೆ ಬರುವ ಮೊದಲು ಸೋತದ್ದು ಬಹಳ. ಬೇಳೆ, ಪಾಲಕ್, ಅಣಬೆ ಬಿಡಿಸುವ ಹಳೆಯ ಡಯಟ್ ಚೀಟಿಯಿಂದ ಏನೂ ಇಳಿಯಲಿಲ್ಲ. ಸಾರಿನ ಬೇಳೆ ಬಿಟ್ಟವರು ಅನ್ನ ಜಾಸ್ತಿ ಉಂಡು ತೂಕ ಏರಿಸಿಕೊಂಡರು. ತರಕಾರಿಯ ಪ್ಯೂರಿನ್‌ನಿಂದ ಗೌಟ್ ಹೆಚ್ಚುವುದಿಲ್ಲ ಎಂದು 2004ರಲ್ಲೇ ದೊಡ್ಡ ಅಧ್ಯಯನ ತೋರಿಸಿದೆ, ಆದರೂ ಆ ಚೀಟಿ ಇನ್ನೂ ಓಡಾಡುತ್ತಿದೆ. ಬೇರೆ ಕಡೆಯಿಂದ ಯೂರಿಕ್ ಆಸಿಡ್ ಇಳಿಸುವ ಇನ್ನೊಂದು ಮಾತ್ರೆ ಫೆಬಕ್ಸೋಸ್ಟ್ಯಾಟ್ ಬರೆಸಿಕೊಂಡು ಬಂದವರ ಕಥೆ ಇನ್ನೂ ಬೇಸರದ್ದು. ಸಂಖ್ಯೆ ಐದಕ್ಕೆ ಇಳಿದಿತ್ತು, ಕೋಲಾ ಮೊದಲಿನಂತೆಯೇ, ಬೀಪಿ 150ರ ಮೇಲೆಯೇ. ಮೂರು ತಿಂಗಳ ಮಾತ್ರೆಗೆ ಅವರು ಕೊಟ್ಟ ದುಡ್ಡಿಗೆ ಮನೆಗೊಂದು ಬೀಪಿ ಯಂತ್ರವೇ ಬರುತ್ತಿತ್ತೇನೋ.

ಯಂತ್ರದ ಮಾತು ಬಂತಲ್ಲ, ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎರಡು ಸಾವಿರದ ಆಸುಪಾಸಿನ ಯಂತ್ರಗಳನ್ನು ಐದಾರು ಕೊಂಡು ವಾರಕ್ಕೊಬ್ಬರಂತೆ ಮನೆಗೆ ಕೊಟ್ಟೆ. ಮೊದಲು ಬಿಟ್ಟಿ ಕೊಟ್ಟಾಗ ಎರಡು ವಾಪಸ್ಸೇ ಬರಲಿಲ್ಲ. ಐನೂರು ರೂಪಾಯಿ ಠೇವಣಿ ಇಟ್ಟ ಮೇಲೆ ಎಲ್ಲವೂ ಬಂದವು, ಜೊತೆಗೆ ಬರೆದಿಟ್ಟ ರೀಡಿಂಗೂ ಬಂದವು. ಯೂರಿಕ್ ಆಸಿಡ್ ಒಂದಕ್ಕೇ ಇನ್ನೂರು ರೂಪಾಯಿ ಹತ್ತಿರ ಆಗುತ್ತದೆ. ನನ್ನವರಿಗೆ ಅದಕ್ಕಿಂತ ಸಾಕಷ್ಟು ಕಡಿಮೆ. ಲ್ಯಾಬಿನವರನ್ನು ಹೇಗೆ ಒಪ್ಪಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಕಮಿಷನ್ ಬೇಡ ಎಂದದ್ದು ಅದರ ಅರ್ಧ ಭಾಗ ಅಂತ ಮಾತ್ರ ಹೇಳುತ್ತೇನೆ.

ಸ್ಯಾಂಪಲ್ ಯಾವ ದಿನ ತೆಗೆಯುತ್ತೀರಿ ಅನ್ನುವುದು ಮುಖ್ಯ. ವಾರಾಂತ್ಯದ ಬಿಯರ್, ಭಾನುವಾರದ ಮಟನ್, ಜಿಮ್ಮಿನ ಬೆವರು ಎಲ್ಲ ಸೋಮವಾರದ ರಕ್ತದಲ್ಲಿ ಕಾಣುತ್ತದೆ. ನಾನು ಬುಧವಾರ ಅಥವಾ ಗುರುವಾರ ಮಾತ್ರ ತೆಗೆಸುತ್ತೇನೆ. ಮೂರು ದಿನ ಕುಡಿತವಿಲ್ಲ, ಹಿಂದಿನ ದಿನ ಭಾರ ಎತ್ತುವಂತಿಲ್ಲ, ನೀರು ಸರಿಯಾಗಿ ಕುಡಿದಿರಬೇಕು. ಇಷ್ಟು ಮಾಡಿದರೆ ಮೊದಲ ಸಲ 8 ಬಂದವರಲ್ಲಿ ಕೆಲವರು 7ರ ಕೆಳಗೆ ತಾವೇ ಬಂದುಬಿಡುತ್ತಾರೆ. ಇಳಿಯದೆ ಉಳಿದವರೇ ನನ್ನ ಗಿರಾಕಿಗಳು. ಅವರಿಗೆ ಮೊದಲು ಬಿಡಿಸುವುದು ಎರಡೇ: ಸಿಹಿ ಪಾನೀಯ ಮತ್ತು ಬಿಯರ್. ಪ್ಯಾಕೆಟ್ ಜ್ಯೂಸೂ ಇದರಲ್ಲೇ ಬಂತು. ಫ್ರಕ್ಟೋಸ್ ಎಂಬ ಸಕ್ಕರೆ ಯಕೃತ್ತಿನಲ್ಲಿ ಯೂರಿಕ್ ಆಸಿಡ್ ಹೆಚ್ಚಿಸುವ ಕೆಲಸಕ್ಕೆ ಬಾಟಲಿಯ ಮೇಲಿನ ಹಣ್ಣಿನ ಚಿತ್ರದಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಬೇಳೆಗೆ, ಸೊಪ್ಪಿಗೆ ಕೈ ಹಾಕುವುದಿಲ್ಲ. ರಾತ್ರಿ ಹತ್ತಕ್ಕೆ ಬಿರಿಯಾನಿ ತರಿಸುವುದರ ಬದಲು ಎಂಟಕ್ಕೆ ಮುದ್ದೆ, ಸಾರು, ಮಜ್ಜಿಗೆ. ಮೂರನೇ ವಾರದ ಪರೀಕ್ಷೆಗೆ ಅವರನ್ನು ಕರೆಸಲು ಒಂದು ಸಂದೇಶ ಕಳಿಸುತ್ತೇನೆ, ಅದರ ಒಕ್ಕಣೆ ಇಲ್ಲಿ ಹೇಳಲಾರೆ. ನೂರಕ್ಕೆ ಎಪ್ಪತ್ತರ ಹತ್ತಿರ ಬರುತ್ತಾರೆ, ಖಾಸಗಿ ಕ್ಲಿನಿಕ್ಕಿಗೆ ಇದು ಸಣ್ಣ ಮಾತಲ್ಲ.

ನೆನಪಿನಿಂದ ಹೇಳುವುದಾದರೆ, ಒಂದು ವರ್ಷ ಬಿಡದೆ ಬಂದವರು ಅರವತ್ತರ ಮೇಲಿದ್ದಾರೆ. ಮೂರರಲ್ಲಿ ಒಬ್ಬರಿಗೆ ಯಾರಿಗೂ ಗೊತ್ತಿಲ್ಲದ ಬೀಪಿ ಸಿಕ್ಕಿತು. ಅರ್ಧಕ್ಕಿಂತ ಹೆಚ್ಚು ಗಂಡಸರ ಸೊಂಟ 90 ಸೆಂಟಿಮೀಟರ್ ದಾಟಿತ್ತು. ಸರಾಸರಿ ಯೂರಿಕ್ ಆಸಿಡ್ 8ರ ಮೇಲಿಂದ ಏಳರ ಕೆಳಗೆ ಬಂತು. ಆದರೆ ನನಗೆ ಹೆಮ್ಮೆಯಿರುವುದು ಆ ಬೀಪಿ ಸಿಕ್ಕ ಇಪ್ಪತ್ತು ಜನರ ಬಗ್ಗೆ. ಬೀಪಿಗೆ ಮಾತ್ರೆ ಬೇಕಾದವರಿಗೆ ಲೋಸಾರ್ಟಾನ್ ಹಾಕಿದರೆ ಯೂರಿಕ್ ಆಸಿಡ್ ಕೂಡ ಸ್ವಲ್ಪ ಇಳಿಯುತ್ತದೆ, ಬೀಪಿಯದೇ ಇನ್ನೊಂದು ಮಾತ್ರೆ ಥಯಾಜೈಡ್ ಅದನ್ನು ಏರಿಸುತ್ತದೆ. ಟೀಬಿಯ ಮಾತ್ರೆ ಪೈರಾಜಿನಮೈಡ್ ಕೂಡ ಏರಿಸುತ್ತದೆ, ಅದನ್ನು ತಿನ್ನುತ್ತಿದ್ದಾರಾ ಎಂದು ಕೇಳದೆ ಗಾಬರಿ ಬೀಳಬೇಡಿ.

ನಡುವೆ ಸಣ್ಣ ಪ್ರಯೋಗಗಳೂ ನಡೆದವು. ಕೀಟೋ ಡಯಟ್ (ಅನ್ನ, ಚಪಾತಿ ಬಿಟ್ಟು ಕೊಬ್ಬು ಹೆಚ್ಚು ತಿನ್ನುವುದು) ಮಾಡುತ್ತಿದ್ದ ಒಬ್ಬ ಸಾಫ್ಟ್‌ವೇರ್ ಹುಡುಗನಿಗೆ ತೂಕ ಇಳಿಯುತ್ತಿದ್ದಾಗಲೇ ಯೂರಿಕ್ ಆಸಿಡ್ 9 ದಾಟಿತು. ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್‌ಗಳಿದ್ದಾಗ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕುವುದಿಲ್ಲ. ನಿಧಾನವಾಗಿ ಇಳಿಸು ಎಂದೆ, ಸರಿಹೋಯಿತು. ಓಲಾ, ಊಬರ್ ಓಡಿಸುವವರು ಶೌಚಾಲಯ ಸಿಗುವುದಿಲ್ಲವೆಂದು ನೀರೇ ಕುಡಿಯುವುದಿಲ್ಲ. ಅವರಿಗಾಗಿ ಪೆಟ್ರೋಲ್ ಬಂಕ್‌ಗಳ ಪಟ್ಟಿ ಬರೆದುಕೊಟ್ಟೆ, ಯಾವ ಡಯಟ್ ಚೀಟಿಗಿಂತ ಅದು ಹೆಚ್ಚು ಕೆಲಸ ಮಾಡಿತು. ಜೋರಾಗಿ ಗೊರಕೆ ಹೊಡೆಯುವ, ಕತ್ತು ದಪ್ಪಗಿರುವವರನ್ನು ನಿದ್ರೆಯ ಪರೀಕ್ಷೆಗೆ ಕಳಿಸಿದೆ. ರಾತ್ರಿ ಉಸಿರು ಕಟ್ಟುವವರಲ್ಲಿ ಯೂರಿಕ್ ಆಸಿಡ್ ಹೆಚ್ಚಿರುವುದು ಹೊಸದೇನಲ್ಲ, ಆದರೆ ಅದನ್ನು ಕೇಳುವವರು ಕಡಿಮೆ. ನಿಂಬೆಹಣ್ಣಿನ ನೀರಿನಿಂದ ನನಗೆ ಎದ್ದು ಕಾಣುವಂಥದ್ದೇನೂ ಸಿಗಲಿಲ್ಲ.

ಹೆಣ್ಣುಮಕ್ಕಳ ಕಡೆ ಈಗ ಗಮನ ಕೊಡುತ್ತಿದ್ದೇನೆ. ಮುಟ್ಟು ನಿಲ್ಲುವವರೆಗೂ ಈಸ್ಟ್ರೋಜನ್ ಹಾರ್ಮೋನು ಯೂರಿಕ್ ಆಸಿಡ್ ಅನ್ನು ಹೊರಗೆ ಕಳಿಸುತ್ತಿರುತ್ತದೆ, ಹಾಗಾಗಿ ಮೂವತ್ತರ ಹೆಂಗಸಿನಲ್ಲಿ 6.5 ಬಂದರೆ ಅದನ್ನು ಗಂಡಸಿನ 8ರಷ್ಟೇ ಗಂಭೀರವಾಗಿ ನೋಡುತ್ತೇನೆ. ಪಿಸಿಓಡಿ (ಹಾರ್ಮೋನು ಏರುಪೇರಿನ ಅಂಡಾಶಯದ ತೊಂದರೆ) ಇದೆಯಾ, ಬಸುರಿಯಾಗಿದ್ದಾಗ ಬೀಪಿ ಏರಿತ್ತಾ, ಸಕ್ಕರೆ ಏರಿತ್ತಾ ಎಂದು ಕೇಳಿ, ಹೆರಿಗೆಯ ಹಳೆಯ ಫೈಲು ತರಿಸುತ್ತೇನೆ.