ಹಾಳಾದ ನಗರದಲ್ಲಿ ಯುದ್ಧಸಿದ್ಧಾಂತವನ್ನು ಗುರುತಿಸುವುದು ಹೇಗೆ?

ಯುದ್ಧಸಿದ್ಧಾಂತವೆಂದರೆ ಸೇನೆಯೊಂದು ಹೇಗೆ ಕಾದಬೇಕೆಂದು ಮೊದಲೇ ಇಟ್ಟುಕೊಂಡ ಕ್ರಮ; ಅದರ ಗುರುತು ಉಳಿದ ಹಾನಿಯಲ್ಲಿ ಸಿಗುತ್ತದೆ. ಮೊದಲು ನಕ್ಷೆ, ಆಮೇಲೆ ಸೇನಾಧಿಕಾರಿಗಳ ಮಾತು. ಈ ಕ್ರಮ ತಪ್ಪಿದರೆ ಅವರು ಹೇಳಿದ್ದೇ ನಿಮಗೂ ಕಾಣತೊಡಗುತ್ತದೆ.

ಕಾದಾಟಕ್ಕೆ ಮುಂಚಿನದು, ಮುಗಿದ ಕೂಡಲೇ ತೆಗೆದದ್ದು, ಕೆಲವು ತಿಂಗಳ ನಂತರದ್ದು ಹೀಗೆ ಮೂರು ಉಪಗ್ರಹ ಚಿತ್ರಗಳು ಬೇಕು. ಮೂರೂ ಆದಷ್ಟು ಒಂದೇ ಋತುವಿನವಾಗಿರಲಿ. ಚಳಿಗಾಲದ ಉದ್ದ ನೆರಳು ಎಷ್ಟೋ ಸಲ ಕುಸಿತದಂತೆ ಕಾಣುತ್ತದೆ. ಯುರೋಪಿನ ಉಪಗ್ರಹ ಸೆಂಟಿನೆಲ್-2ರ ಉಚಿತವಾಗಿ ಸಿಗುವ ಚಿತ್ರದ ಪಿಕ್ಸೆಲ್ 10 ಮೀಟರ್. ಬಡಾವಣೆ ಗುರುತಿಸಲು ಅದು ಸಾಕು, ಮನೆ ಎಣಿಸಲು ಸಾಲದು. ಅದಕ್ಕೆ 50 ಸೆಂಟಿಮೀಟರ್ ಅಥವಾ ಇನ್ನೂ ಸ್ಪಷ್ಟವಾದ ಚಿತ್ರ ಹುಡುಕಿ. ವಿಶ್ವಸಂಸ್ಥೆಯ ಉಪಗ್ರಹ ಕೇಂದ್ರ ಯುನೊಸ್ಯಾಟ್ ಬಳಸುವ ವರ್ಗಗಳನ್ನೇ ಅನುಸರಿಸಿ ಪ್ರತಿ ಕಟ್ಟಡಕ್ಕೆ ಗುರುತು ಹಾಕಿ: ಪೂರ್ತಿ ನಾಶ, ತೀವ್ರ ಹಾನಿ, ಮಧ್ಯಮ ಹಾನಿ, ಹಾನಿಯ ಸಾಧ್ಯತೆ.

ಈಗ ಹಾನಿ ಹರಡಿದ ಬಗೆ ನೋಡಿ. ಅಂಚು ಸ್ಪಷ್ಟವಾಗಿದ್ದು, ಒಂದೇ ತುಂಡು ಬಯಲಾಗಿ, ಬಾಂಬಿನ ಕುಳಿಗಳೇ ಇಲ್ಲದಿದ್ದರೆ ಬುಲ್ಡೋಜರ್ ಕೆಲಸವೆಂದು ಶಂಕಿಸಿ. 2002ರ ಏಪ್ರಿಲ್ 9ರಂದು ಪಶ್ಚಿಮ ದಂಡೆಯ ಜೆನಿನ್ ಪ್ಯಾಲೆಸ್ಟೀನಿ ನಿರಾಶ್ರಿತರ ಶಿಬಿರದಲ್ಲಿ 13 ಇಸ್ರೇಲಿ ಸೈನಿಕರು ಸತ್ತ ಮೇಲೆ ಕವಚ ಹೊದಿಸಿದ ಡಿ9 ಬುಲ್ಡೋಜರ್‌ಗಳು ಹವಾಶಿನ್ ಬಡಾವಣೆಯನ್ನು ನೆಲಸಮ ಮಾಡಿದ್ದು ಹಾಗೆ. ಗೋಡೆ ನಿಂತು, ಚಾವಣಿ ಹೋಗಿ, ಬೀದಿ ಬೀದಿಯೂ ಒಂದೇ ತರಹ ಜರ್ಜರಿತವಾಗಿದ್ದರೆ ಫಿರಂಗಿ. ಚೆಚೆನ್ಯಾದ ರಾಜಧಾನಿ ಗ್ರೋಜ್ನಿಯಲ್ಲಿ 1994ರ ಡಿಸೆಂಬರ್ 31ರಂದು ನುಗ್ಗಿದ ರಷ್ಯಾದ ಟ್ಯಾಂಕ್ ಪಡೆಗಳು ರೈಲು ನಿಲ್ದಾಣದ ಸುತ್ತ ಸಿಕ್ಕಿಬಿದ್ದು ನಾಶವಾದವು. ಮುಂದೆ, 1999-2000ರ ಯುದ್ಧದಲ್ಲಂತೂ, ಮೊದಲು ಫಿರಂಗಿ, ನಂತರ ಕಾಲಾಳು ಎಂಬುದೇ ಕ್ರಮವಾಯಿತು.

ಒಂದು ಕಟ್ಟಡ ಕುಸಿದು ಅಕ್ಕಪಕ್ಕದವು ನಿಂತಿದ್ದರೆ ಗುರಿಯಿಟ್ಟು ಹಾಕಿದ ಬಾಂಬ್ ಇರಬಹುದು. ಗುರಿ ತಪ್ಪಲಿಲ್ಲ ಎಂದ ಮಾತ್ರಕ್ಕೆ ಸಾವು ಕಡಿಮೆ ಎಂದು ಬರೆಯಬೇಡಿ. ಇರಾಕಿನ ಮೊಸುಲ್‌ನ ಅಲ್-ಜದೀದಾ ಬಡಾವಣೆಯಲ್ಲಿ 2017ರ ಮಾರ್ಚ್ 17ರಂದು ಇಬ್ಬರು ಐಸಿಸ್ ಸ್ನೈಪರ್‌ಗಳ ಮೇಲೆ ಅಮೆರಿಕ ಹಾಕಿದ ಒಂದು ಬಾಂಬಿನ ದಾಳಿಯಲ್ಲಿ 105 ನಾಗರಿಕರು ಸತ್ತರೆಂದು ಅಮೆರಿಕದ ಸೇನಾ ತನಿಖೆಯೇ ಹೇಳಿತು. ಐಸಿಸ್ ಕಟ್ಟಡದೊಳಗೆ ಇಟ್ಟಿದ್ದ ಸ್ಫೋಟಕಗಳೂ ಸಿಡಿದವು ಎಂಬುದು ಅದೇ ತನಿಖೆಯ ವಿವರಣೆ.

ಮೇಲಿನಿಂದ ಏನೂ ಕಾಣದ ನಾಶವೂ ಇದೆ. 2002ರಲ್ಲಿ ಪಶ್ಚಿಮ ದಂಡೆಯ ನಾಬ್ಲುಸ್‌ನ ಹಳೆಯ ಊರಿನಲ್ಲಿ ಇಸ್ರೇಲಿ ದಳನಾಯಕ ಅವೀವ್ ಕೊಖಾವಿಯ ಪ್ಯಾರಾಟ್ರೂಪರ್‌ಗಳು ಬೀದಿ ಬಿಟ್ಟು, ಮನೆಯಿಂದ ಮನೆಗೆ ಗೋಡೆ ಒಡೆದು ಸಾಗಿದರು. ಇದನ್ನು ಇಸ್ರೇಲಿ ಸೇನೆಯ ಸಿದ್ಧಾಂತಿಗಳು ಫ್ರೆಂಚ್ ತತ್ತ್ವಶಾಸ್ತ್ರದ ನುಡಿಗಟ್ಟಿನಲ್ಲಿ ವಿವರಿಸಿದರು. ಇಟಲಿಯ ಒರ್ತೋನಾದಲ್ಲಿ ಕೆನಡಾದ ಸೈನಿಕರು 1943ರ ಡಿಸೆಂಬರ್‌ನಲ್ಲೇ ಹೀಗೆ ಗೋಡೆ ಒಡೆದಿದ್ದರು, ಯಾವ ತತ್ತ್ವಜ್ಞಾನಿಯ ಹಂಗೂ ಇಲ್ಲದೆ! ಇಂಥಲ್ಲಿ ಉಪಗ್ರಹ ಬಿಟ್ಟು ಒಳಕೋಣೆಗಳ ಫೋಟೊ ಮತ್ತು ನಿವಾಸಿಗಳ ಹೇಳಿಕೆ ಸಂಗ್ರಹಿಸಿ.

ಹೆಚ್ಚು ಜನ ಎಡವುವುದು ದಿನಾಂಕದಲ್ಲಿ. ಜರ್ಮನ್ ಆಕ್ರಮಣದ ವಿರುದ್ಧ ಎದ್ದ ಪೋಲೆಂಡಿನ ವಾರ್ಸಾದ ದಂಗೆಕೋರರು 1944ರ ಅಕ್ಟೋಬರ್ 2ರಂದು ಶರಣಾದರು; ಅದಾದ ಮೇಲೂ ಜರ್ಮನರು 1945ರ ಜನವರಿಯವರೆಗೆ ಮನೆಗಳನ್ನು ಸುಡುತ್ತ, ಸಿಡಿಸುತ್ತ ಹೋದರು. ಅದನ್ನು ಕದನದ ಹಾನಿಗೆ ಸೇರಿಸಿದರೆ ಉದ್ದೇಶವೇ ಮರೆಯಾಗುತ್ತದೆ. ತದ್ವಿರುದ್ಧ ತಪ್ಪೂ ಉಂಟು: ಯುದ್ಧದ ನಂತರ ಅವಶೇಷ ತೆರವು ಮಾಡಿದ ಜಾಗವನ್ನು ಹೊಸ ನಾಶವೆಂದು ಎಣಿಸುವುದು. ಮೂರನೆಯ ಚಿತ್ರ ಬೇಕಾಗುವುದು ಇಲ್ಲೇ. ಇನ್ನು ಮಹಡಿಗಳು ಒಂದರ ಮೇಲೊಂದು ಕುಸಿದಾಗ ತಾರಸಿ ಇಡಿಯಾಗಿಯೇ ಉಳಿಯಬಹುದು, ಆದ್ದರಿಂದ ನೆರಳಿನ ಉದ್ದ ಕುಗ್ಗಿದೆಯೇ ಎಂದು ಅಳೆಯಿರಿ. ಒಳಗೆ ಸುಟ್ಟದ್ದು ಮಾತ್ರ ಯಾವ ಚಿತ್ರದಲ್ಲೂ ಸರಿಯಾಗಿ ಸಿಗದು. ಹಾಗಾಗಿ ನಿಮ್ಮ ಎಣಿಕೆಗೆ ಯಾವಾಗಲೂ ‘ಕನಿಷ್ಠ’ ಎಂಬ ಪದ ಸೇರಿಸಿ.

ಹೇಳಿಕೆಗಳನ್ನು ತೆರೆಯುವುದು ಈಗ. ಇಸ್ರೇಲ್ ಬಾಂಬ್ ಹಾಕಿ ಕೆಡವಿದ, ಹಿಜ್ಬುಲ್ಲಾದ ನೆಲೆಯಾಗಿದ್ದ ಬೈರೂತ್‌ನ ದಾಹಿಯಾ ಬಡಾವಣೆಗೆ 2006ರಲ್ಲಿ ಆದದ್ದೇ ಇಸ್ರೇಲಿನತ್ತ ಗುಂಡು ಹಾರುವ ಪ್ರತಿ ಹಳ್ಳಿಗೂ ಆಗುತ್ತದೆ ಎಂದು ಇಸ್ರೇಲಿ ಜನರಲ್ ಗಾಡಿ ಐಸೆನ್‌ಕೋಟ್ 2008ರಲ್ಲಿ ಬಹಿರಂಗವಾಗಿಯೇ ಹೇಳಿದರು. ಇಷ್ಟು ನೇರ ಮಾತು ಅಪರೂಪ. ಕೊನೆಗೆ ಯುದ್ಧನಿಯಮಗಳ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಹೆಚ್ಚುವರಿ ಪ್ರೊಟೊಕಾಲ್‌ನ 51ನೇ ವಿಧಿಯನ್ನು ಪಕ್ಕದಲ್ಲಿಡಿ: ನಗರದೊಳಗೆ ಸ್ಪಷ್ಟವಾಗಿ ಬೇರೆ ಬೇರೆಯಾಗಿ, ದೂರದೂರವಿರುವ ಸೇನಾ ಗುರಿಗಳನ್ನು ಒಂದೇ ಗುರಿಯೆಂದು ಭಾವಿಸಿ ಬಾಂಬ್ ಹಾಕುವುದನ್ನು ಅದು ನಿಷೇಧಿಸುತ್ತದೆ. ಅಮೆರಿಕ, ಇಸ್ರೇಲ್ ಅದಕ್ಕೆ ಸೇರಿಲ್ಲ, ಭಾರತವೂ ಇಲ್ಲ. ಆದರೂ ಗೊತ್ತಿರುವ ಪ್ರತಿ ಗುರಿಯನ್ನೂ ನಕ್ಷೆಯಲ್ಲಿ ಬೇರೆ ಚುಕ್ಕೆಯಾಗಿಯೇ ಇಟ್ಟು, ಅವುಗಳ ನಡುವಿನ ಅಂತರವನ್ನು ಮೀಟರ್‌ಗಳಲ್ಲಿ ಬರೆಯಿರಿ.